ಏರಿಯ ಕೆಳಗೆ ಕೂತು ಪಂದ್ಯ ನೋಡಿದವರು

ನಮ್ಮ ಅಬ್ಬಾ ಖುರ್ಷಿದ್ ಪಾಷಾ ಗುಬ್ಬಿಯ ಸಂತೆ ರಸ್ತೆಯಲ್ಲಿ ಟೈಲರ್ ಅಂಗಡಿ ಇಟ್ಟಿದ್ದರು. ಹೊಲಿಗೆಯಲ್ಲಿ ಅಂಥ ದೊಡ್ಡ ಹೆಸರೇನೂ ಇರಲಿಲ್ಲ, ಮಗಳಾಗಿ ನಾನೇ ಹೇಳುತ್ತೇನೆ. ಅವರು ಹೊಲಿದ ಪೈಜಾಮ ಹಾಕಿಕೊಂಡವರು ಸ್ವಲ್ಪ ಯೋಚನೆ ಮಾಡಿ ಕೂರಬೇಕಾಗಿತ್ತು. ಆದರೂ ಬೇಸಿಗೆ ಬಂತೆಂದರೆ ಅಂಗಡಿಯ ಮುಂದೆ ಜನ. ಅವರಲ್ಲಿ ಬಟ್ಟೆ ತಂದವರು ಕಡಿಮೆ. ಬಂದವರೆಲ್ಲ ಕೇಳುತ್ತಿದ್ದದ್ದು ಒಂದೇ ಮಾತು.

"ಪಾಷಾ ಸಾಬ್ರೆ, ಈ ಸಲ ಎಲ್ಲಿ ಕೂತ್ಕೊಳೋಣ?"

ಕೂರುವುದೆಂದರೆ ಕೆರೆ ದಡದಲ್ಲಿ. ಮೇ ತಿಂಗಳ ಕೊನೆಯ ಭಾನುವಾರ ಸಾಯಂಕಾಲ ನಮ್ಮೂರ ಕೆರೆಯಲ್ಲಿ ಹಾಯಿ ತೆಪ್ಪಗಳ ಪಂದ್ಯ ನಡೆಯುತ್ತಿತ್ತು. ಮೀನು ಹಿಡಿಯುವವರ ಏಳು ಬಿದಿರಿನ ತೆಪ್ಪಗಳು. ಒಂದೊಂದರ ನಡುವೆ ಒಂದು ಗಳ ನೆಟ್ಟು, ಅದಕ್ಕೆ ಮಾಂಜರಪಾಟು ಬಟ್ಟೆಯ ಹಾಯಿ ಕಟ್ಟುತ್ತಿದ್ದರು. ಆಚೆ ದಡದ ಮಾವಿನ ತೋಪಿನಿಂದ ಹೊರಟು, ಪಡುವಣ ಗಾಳಿ ಹಿಡಿದು ಈಚೆ ಏರಿಗೆ ಬಂದು, ತೂಬಿನ ಕಲ್ಲನ್ನು ಯಾರು ಮೊದಲು ಮುಟ್ಟುತ್ತಾರೋ ಅವರು ಗೆದ್ದಂತೆ. ಮುಟ್ಟಿದ ಕೂಡಲೇ ಏರಿಯ ಮೇಲೆ ತಮಟೆ ಬಡಿಯುತ್ತಿದ್ದರು. ಅದಕ್ಕೆ ಇಡೀ ಊರು ಚಾಪೆ, ಬುತ್ತಿ, ಮಕ್ಕಳು, ಮಾವಿನಕಾಯಿ ಹೋಳು ಎಲ್ಲ ಕಟ್ಟಿಕೊಂಡು ಮೂರು ಗಂಟೆಗೇ ಹೋಗಿ ಕೂರುತ್ತಿತ್ತು.

ಅಬ್ಬಾ ಜಾಗ ಕೊಡುತ್ತಿದ್ದದ್ದು ಷರಟಿಗೆ ಅಳತೆ ತೆಗೆಯುವ ಹಾಗೆಯೇ. ಮೊದಲು ಆಳನ್ನು ಮೇಲಿನಿಂದ ಕೆಳಗಿನವರೆಗೆ ನೋಡುವರು. ತಾಲ್ಲೂಕು ಆಫೀಸಿನ ವೆಂಕಟರಂಗಯ್ಯನವರಿಗೆ ಹೊಟ್ಟೆ ದೊಡ್ಡದು, ತಾಳ್ಮೆ ಚಿಕ್ಕದು. ಅವರಿಗೆ ತೂಬಿನ ಪಕ್ಕದ ಕಲ್ಲುಹಾಸು. ಕೊನೆಯ ಐದು ನಿಮಿಷ ಮಾತ್ರ ಕಾಣುತ್ತೆ, ಅವರಿಗೆ ಬೇಕಾದ್ದೂ ಅಷ್ಟೆ. ಮಂಡಿ ನೋವಿನ ಲಕ್ಷ್ಮೀದೇವಮ್ಮನಿಗೆ ಮೆಟ್ಟಿಲು ಹತ್ತುವ ಕಷ್ಟವಿಲ್ಲದ ಕೋಡಿಯ ಬಂಡೆ, ಆದರೆ ಐದು ಗಂಟೆಯಾದ ಮೇಲೆ. ಅದಕ್ಕಿಂತ ಮುಂಚೆ ಕೂತರೆ ಬಂಡೆಯ ಕಾವಿಗೆ ಪಂದ್ಯದ ಆಸೆಯೇ ಬಿಟ್ಟುಹೋಗುತ್ತೆ ಅನ್ನುತ್ತಿದ್ದರು. ಹೊಸದಾಗಿ ಮದುವೆಯಾದವರಿಗೆ ಆಚೆ ದಡದ ಮಾವಿನ ತೋಪು. ಅಲ್ಲಿಂದ ತೆಪ್ಪಗಳು ಹೊರಡುವುದು ಮಾತ್ರ ಕಾಣುತ್ತೆ, ಗೆದ್ದವರು ಯಾರೆಂದು ಗೊತ್ತಾಗುವುದಿಲ್ಲ. ಅವರಿಗೆ ಅದು ತಿಳಿಯಬೇಕೆಂದು ಯಾರು ಹೇಳಿದರು ಎಂದು ಕೇಳುತ್ತಿದ್ದರು.

ಎಲ್ಲಕ್ಕಿಂತ ಒಳ್ಳೆಯ ಜಾಗ ಏರಿಯ ಮಧ್ಯದ ಹೊಂಗೆ ಮರದ ಬುಡ. ಅಲ್ಲಿ ಕೂತರೆ ಹೊರಡುವುದೂ ಕಾಣುತ್ತೆ, ಮುಟ್ಟುವುದೂ ಕಾಣುತ್ತೆ. ಹೊಂಗೆಯ ನೆರಳಿಗೆ ಬೇರೆ ಯಾವ ಮರದ ನೆರಳೂ ಸಮವಲ್ಲ. ಮೇಲಿಂದ ಬಿಳಿ ಹೂ ಉದುರಿ ಬುತ್ತಿಯ ಚಿತ್ರಾನ್ನಕ್ಕೆ ಬೀಳುತ್ತಿರುತ್ತೆ, ಕಣ್ಣು ತಾನೇ ಅರ್ಧ ಮುಚ್ಚುತ್ತೆ. ಆ ಜಾಗವನ್ನು ಅಬ್ಬಾ ಪ್ರತಿವರ್ಷ ಯಾರಾದರೂ ಕಾಯಿಲೆಯಿಂದ ಎದ್ದವರಿಗೆ ಕೊಡುತ್ತಿದ್ದರು. ಊರು ಒಪ್ಪುತ್ತಿತ್ತು.

ಬಟ್ಟೆ ತರಲು ತುಮಕೂರಿಗೆ ಹೋದರೆ ಅಮಾನಿಕೆರೆಯ ಏರಿಗೆ ಹೋಗದೆ ವಾಪಸ್ ಬರುತ್ತಿರಲಿಲ್ಲ. "ಆ ಕೆರೆ ನಡೆಯೋಕೆ ಚೆನ್ನ, ಕೂರೋಕಲ್ಲ" ಅನ್ನುವುದು ಅವರ ತೀರ್ಪು. ನಮ್ಮ ಅಮ್ಮಿಯ ತವರು ಕುಣಿಗಲ್. ಅಲ್ಲಿಯ ಕೆರೆಯ ಮುಂದೆ ಕೂತರೆ ಮಾತೇ ನಿಂತುಹೋಗುತ್ತೆ, ಮಾವನ ಮನೆ ಅಂಥ ಕಡೆ ಇರೋದು ಅನುಕೂಲ ಅನ್ನುತ್ತಿದ್ದರು. ಅಮ್ಮಿ ರಹಿಮಾ ಬೀ ಇದನ್ನು ಕೇಳಿಸಿಕೊಂಡರೆ ಆ ದಿನದ ಸಾರಿಗೆ ಉಪ್ಪು ಬೀಳುತ್ತಿರಲಿಲ್ಲ. ನಮ್ಮ ಮನೆ ಮಾತು ಉರ್ದು. ಆದರೆ ಏರಿ, ತೂಬು, ಕೋಡಿ, ಇವಕ್ಕೆಲ್ಲ ನಮ್ಮ ಉರ್ದುವಿನಲ್ಲಿ ಮಾತೇ ಇರಲಿಲ್ಲವಾದ್ದರಿಂದ ಕೆರೆಯ ವಿಷಯ ಬಂದರೆ ಮನೆಯೊಳಗೂ ಕನ್ನಡವೇ ನಡೆಯುತ್ತಿತ್ತು.

ಇಷ್ಟೆಲ್ಲ ಜಾಗ ಗೊತ್ತಿದ್ದ ಮನುಷ್ಯ ಒಂದು ಸಲವೂ ಪಂದ್ಯ ನೋಡಿರಲಿಲ್ಲ.

ಯಾಕೆಂದರೆ ಈ ಊರಿಗೆ ಬಂದು ಅಂಗಡಿ ಇಟ್ಟ ವರ್ಷದಿಂದಲೂ ಏಳೂ ಹಾಯಿ ಹೊಲಿಯುತ್ತಿದ್ದವರು ಅವರೇ. ಹಾಯಿ ಹೊಲಿದವನು ಪಂದ್ಯದ ದಿನ ನೀರು ನೋಡಬಾರದು ಅನ್ನುವುದು ನಮ್ಮೂರ ಕಟ್ಟಳೆ. ಅಬ್ಬಾನಿಗಿಂತ ಮುಂಚೆ ಹೊಲಿಯುತ್ತಿದ್ದವರೊಬ್ಬರು ಏರಿಯ ಮೇಲೆ ನಿಂತು ತಮ್ಮ ಗೆಳೆಯನ ತೆಪ್ಪಕ್ಕೆ ಕೈಸನ್ನೆಯಲ್ಲಿ ಗಾಳಿ ಹೇಳಿಕೊಟ್ಟರಂತೆ. ತೆಪ್ಪದ ಗಳಗಳು ಜನರ ಬೆನ್ನಿನ ಮೇಲೆ ಮುರಿದವಂತೆ. ಅಂದಿನಿಂದ ಹೊಲಿದವನು ಏರಿಯ ಹಿಂಬದಿಗೆ ಇಳಿದು, ತೂಬಿನ ನೀರು ಹೊರಬರುವ ಕಾಲುವೆಯ ಪಕ್ಕ ಕೂರಬೇಕು. ತಮಟೆ ಬಡಿದ ಮೇಲೆ ಮೇಲೆ ಬರಬಹುದು. ನಡುವೆ ಯಾರೂ ಅವನಿಗೆ ಕೂಗಿ ಏನೂ ಹೇಳಬಾರದು. ಹಾಯಿಗಳನ್ನು ಸುತ್ತಿ ಒಂದೇ ರೀತಿ ಕಟ್ಟಿ ಇಡುತ್ತಿದ್ದರು, ತೆಪ್ಪದವರು ಚೀಟಿ ಎತ್ತಿ ಒಂದೊಂದು ತೆಗೆದುಕೊಳ್ಳುತ್ತಿದ್ದರು. ಯಾವ ಹಾಯಿ ಯಾರಿಗೆ ಹೋಯಿತು ಅನ್ನುವುದು ಹೊಲಿದವನಿಗೂ ತಿಳಿಯುತ್ತಿರಲಿಲ್ಲ.

ನನಗೆ ಹನ್ನೊಂದು ವರ್ಷವಾದಾಗ, ಅಂದರೆ ಎಪ್ಪತ್ತೈದರಲ್ಲಿ, ಅಬ್ಬಾ ನನಗೂ ಒಂದು ಜಾಗ ಕೊಟ್ಟರು. ಏರಿ ತಿರುಗುವ ಕಡೆ ಒಂದು ಒಂಟಿ ಕಲ್ಲು. ನೆರಳಿಲ್ಲ, ಕಟ್ಟಿರುವೆ ಬೇರೆ. ಪಕ್ಕದ ಮನೆಯ ಮೆಹತಾಬ್ ಹೊಂಗೆ ಮರದ ಹತ್ತಿರ ತಣ್ಣಗೆ ಕೂತಿದ್ದರೆ ನಾನು ಬಿಸಿಲಲ್ಲಿ ಕೆಂಪಾಗಿ ಉರಿಯುತ್ತಿದ್ದೆ. ಸ್ವಂತ ಮಗಳಿಗೆ ಊರಲ್ಲೇ ಕೆಟ್ಟ ಜಾಗ ಕೊಟ್ಟ ಅಪ್ಪ ಇನ್ನೊಬ್ಬರಿಲ್ಲ ಎಂದು ಮನೆಗೆ ಬಂದು ಜಗಳ ತೆಗೆದೆ.

ಅಬ್ಬಾ ನಕ್ಕರು. "ಬೆಟ್ಟಯ್ಯ ಗೆದ್ದ, ರಂಗಣ್ಣ ಕೊನೇಲಿ ಕೈಚೆಲ್ದ, ಮಧ್ಯದಲ್ಲಿ ಒಬ್ಬ ನೀರಿಗೆ ಬಿದ್ದ. ಸರಿನಾ?" ಅಂದರು.

ಸರಿಯಾಗಿತ್ತು. ಗೆದ್ದವನ ಹೆಸರು ಮೇಲೆ ಬಂದ ಮೇಲೆ ತಿಳಿದಿರಬಹುದು, ಮಿಕ್ಕದ್ದನ್ನು ಯಾರೂ ಹೇಳಿರಲಿಲ್ಲ.

"ಮಿಕ್ಕೋರದೆಲ್ಲ ನಂಗೆ ಬೆನ್ನು ಕಾಣುತ್ತೆ ಕಣೇ. ಆ ಕಲ್ಲಿನ ಮೇಲೆ ಕೂತೋರ ಮುಖ ಒಂದೇ ಕೆಳಗಿಂದ ಕಾಣೋದು. ಎರಡು ತೆಪ್ಪ ಸಮ ಬಂದ್ರೆ ತುಟಿ ಕಚ್ತೀಯ. ಯಾರಾದ್ರೂ ನೀರಿಗೆ ಬಿದ್ರೆ ಬಾಯಿ ತೆಗೀತೀಯ. ತಮಟೆ ಬಡಿದ್ಮೇಲೇ ನಗೋದು ನೀನು, ಅಲ್ಲೀವರ್ಗೂ ನಗಲ್ಲ."

ಅಂದಿನಿಂದ ಆ ಕಲ್ಲು ನನ್ನದಾಯಿತು. ನೆರಳಿನ ಮಾತು ಮತ್ತೆ ಎತ್ತಲಿಲ್ಲ. ಇಡೀ ಗುಬ್ಬಿಯಲ್ಲಿ ಪಂದ್ಯವನ್ನು ಎರಡು ಸಲ ನೋಡುತ್ತಿದ್ದವಳು ನಾನೊಬ್ಬಳೇ. ಒಂದು ಸಲ ಕೆರೆಯಲ್ಲಿ, ಇನ್ನೊಂದು ಸಲ ರಾತ್ರಿ ಊಟಕ್ಕೆ ಕೂತಾಗ ಅಬ್ಬಾನ ಬಾಯಲ್ಲಿ. ನನ್ನ ಮುಖದಿಂದ ಎತ್ತಿಕೊಂಡದ್ದನ್ನು ಅವರು ಅಮ್ಮಿಗೆ ಹೇಳುತ್ತಿದ್ದರು. ಆ ಪಂದ್ಯದಲ್ಲಿ ನೀರು ಹೆಚ್ಚು ನೀಲಿ, ಹಾಯಿಗಳು ಹೆಚ್ಚು ಬಿಳಿ. ಏಳೂ ತೆಪ್ಪಗಳು ತೋಪಿನ ನೆರಳಿನಿಂದ ಒಂದೊಂದಾಗಿ ಬಿಸಿಲಿಗೆ ಬರುವುದನ್ನು ಅವರು ಎಷ್ಟು ನಿಧಾನವಾಗಿ ಹೇಳುತ್ತಿದ್ದರೆಂದರೆ, ಅಮ್ಮಿ ತಟ್ಟೆಯಲ್ಲಿ ಕೈಯಿಟ್ಟು ತಿನ್ನುವುದನ್ನೇ ಮರೆಯುತ್ತಿದ್ದಳು. ನಿಜವಾದ ಪಂದ್ಯದಲ್ಲಿ ಬೈಗುಳ ಇರುತ್ತಿತ್ತು, ತೆಪ್ಪಗಳು ಅಡ್ಡಾದಿಡ್ಡಿ ಹೋಗುತ್ತಿದ್ದವು, ಮಂದ ಗಾಳಿಯಲ್ಲಿ ಅರ್ಧ ಗಂಟೆ ಸುಮ್ಮನೆ ನಿಲ್ಲುತ್ತಿದ್ದವು. ನನಗೆ ಅಬ್ಬಾನ ಪಂದ್ಯವೇ ಇಷ್ಟವಾಗುತ್ತಿತ್ತು. ಈಗಲೂ ಕಣ್ಣು ಮುಚ್ಚಿದರೆ ನೆನಪಾಗುವುದು ಅದೇ. ಎರಡನ್ನೂ ಬೇರೆ ಮಾಡಲು ನನಗೆ ಆಗುವುದಿಲ್ಲ.

ಎಂಬತ್ತಾರರ ಪಂದ್ಯ ರಂಜಾನ್ ತಿಂಗಳಲ್ಲಿ ಬಂತು. ಅಷ್ಟು ಹೊತ್ತಿಗೆ ನಾನು ಪ್ರೈಮರಿ ಶಾಲೆಯಲ್ಲಿ ಟೀಚರ್ ಆಗಿದ್ದೆ, ಸೀರೆ ಉಟ್ಟು ಕಟ್ಟಿರುವೆಯ ಕಲ್ಲಿನ ಮೇಲೆ ಕೂರುವುದಕ್ಕೆ ನಾಚಿಕೆ ಬಿಟ್ಟಿದ್ದೆ. ಅಬ್ಬಾ ರೋಜಾ ಹಿಡಿದುಕೊಂಡೇ ಹದಿನೈದು ದಿನ ಹಾಯಿ ಹೊಲಿದರು. ಹಾಯಿಯ ಕೆಳ ಮೂಲೆಗೆ ಒಂದು ಕಬ್ಬಿಣದ ಬಳೆ. ಹಗ್ಗ ಕಟ್ಟುವುದು ಅದಕ್ಕೆ, ಗಾಳಿಯ ಭಾರವೆಲ್ಲ ಬೀಳುವುದೂ ಅದರ ಮೇಲೆ. ಅಲ್ಲಿಗೆ ಮೆಷಿನ್ ಹೊಲಿಗೆ ಸಾಲದು, ಮೇಣ ಸವರಿದ ದಾರದಲ್ಲಿ ಕೈಯಿಂದ ಹೊಲಿಯಬೇಕು. ದಾರಕ್ಕೆ ಮೇಣ ಸವರುವುದು ನನ್ನ ಕೆಲಸ. ಏಳು ಹಾಯಿಗೆ ಏಳು ಎಳೆ ಕತ್ತರಿಸಿ ಕೊಡುತ್ತಿದ್ದೆ. ಅಬ್ಬಾ ಅವನ್ನು ಷರಟಿನ ಜೇಬಿಗೆ ಹಾಕಿಕೊಂಡು ಒಂದೊಂದೇ ತೆಗೆದು ಹೊಲಿಯುತ್ತಿದ್ದರು. ಜೇಬು ಖಾಲಿಯಾದರೆ ಕೆಲಸ ಮುಗಿಯಿತು ಅಂತ. ಬರೆದಿಟ್ಟುಕೊಳ್ಳುವ ಪದ್ಧತಿ ಅವರಿಗಿರಲಿಲ್ಲ.

ಭಾನುವಾರ ಗಾಳಿ ಜೋರಾಗಿತ್ತು. ಇಂಥ ಗಾಳಿ ಹತ್ತು ವರ್ಷದಲ್ಲಿ ಬಂದಿಲ್ಲ ಎಂದು ಏರಿಯ ಮೇಲೆಲ್ಲ ಸಂತೋಷ. ಅಬ್ಬಾ ಕೆಳಗಿಳಿದು ಕಾಲುವೆಯ ಪಕ್ಕ ಕೂತು ನೀರಿನಲ್ಲಿ ಕಾಲಿಟ್ಟುಕೊಂಡರು. ಬೇರೆ ವರ್ಷಗಳಲ್ಲಿ ಪಂದ್ಯದ ದಿನ ಕಾಲುವೆ ಒಣಗಿರುತ್ತಿತ್ತು. ಅಂದು ಯಾರದೋ ತೋಟಕ್ಕೆಂದು ನೀರುಗಂಟಿ ಚಿಕ್ಕಹನುಮಯ್ಯ ತೂಬನ್ನು ಒಂದಿಷ್ಟು ಎತ್ತಿದ್ದ. ನೀರು ಕುಡಿಯದ ಮನುಷ್ಯನಿಗೆ ಕಾಲಾದರೂ ತಣ್ಣಗಿರಲಿ ಎಂದುಕೊಂಡೆ.

ಆಚೆ ದಡದಲ್ಲಿ ಏಳು ಹಾಯಿ ತೆರೆದುಕೊಂಡವು. ತೋಪಿನಿಂದ ಹೊರಟವು ಎನ್ನುವಷ್ಟರಲ್ಲಿ ಕೆರೆಯ ನಡುವೆ ಇದ್ದವು. ನಾನು ಒಂದು ಸಲ ಕೆಳಗೆ ನೋಡಿದೆ. ಅಬ್ಬಾ ಮುಖ ಒರೆಸಿಕೊಳ್ಳಲು ಜೇಬಿನಿಂದ ಕರವಸ್ತ್ರ ತೆಗೆದರು. ಕರವಸ್ತ್ರದ ಜೊತೆ ಒಂದು ಎಳೆ ದಾರ ಬಂತು.

ಅವರು ಅದನ್ನು ಬೆರಳಲ್ಲಿ ಎತ್ತಿ ಹಿಡಿದರು. ಮೇಣ ಹಚ್ಚಿದ ದಾರ ಬಿಸಿಲಿಗೆ ಹೊಳೆಯಿತು. ನನಗೂ ಅವರಿಗೂ ಒಟ್ಟಿಗೇ ತಿಳಿಯಿತು. ಏಳರಲ್ಲಿ ಒಂದು ಹಾಯಿಯ ಮೂಲೆ ಬರೀ ಮೆಷಿನ್ ಹೊಲಿಗೆಯ ಮೇಲೆ ನಿಂತಿದೆ, ಈ ಗಾಳಿಗೆ ಅದು ತಡೆಯುವುದಿಲ್ಲ. ಯಾವ ಹಾಯಿ, ಯಾರ ತೆಪ್ಪ, ನಮಗಿಬ್ಬರಿಗೂ ಗೊತ್ತಿಲ್ಲ. ಕೂಗಿ ನಿಲ್ಲಿಸುವ ಹೊತ್ತು ಮೀರಿತ್ತು. ಅಬ್ಬಾ ತಲೆಯೆತ್ತಿ ನನ್ನ ಮುಖ ನೋಡಿದರು.

ನಾನು ಕೆರೆಯ ಕಡೆ ತಿರುಗಿದೆ. ಎಲ್ಲರಿಗಿಂತ ಮುಂದೆ ಬೆಟ್ಟಯ್ಯ. ಅಬ್ಬಾನ ಜೊತೆ ದಿನಾ ಟೀ ಕುಡಿಯುವವನು, ನನ್ನನ್ನು ಚಿಕ್ಕವಳಿದ್ದಾಗ ಹೆಗಲ ಮೇಲೆ ಕೂರಿಸಿಕೊಂಡು ಕೆರೆ ತೋರಿಸಿದವನು. ಅವನ ಹಿಂದೆಯೇ ರಂಗಣ್ಣನ ತೆಪ್ಪ. ತೂಬು ಇನ್ನೇನು ನಲವತ್ತು ಮಾರು ಇದೆ ಅನ್ನುವಾಗ ಬೆಟ್ಟಯ್ಯನ ಹಾಯಿಯ ಮೂಲೆ ಕಿತ್ತುಬಂತು. ಬಟ್ಟೆ ಒಂದೇ ಏಟಿಗೆ ಆ ಕಡೆ ಬಡಿಯಿತು, ಗಳ ಮುರಿದು ಅವನ ತಲೆಗೆ ಹೊಡೆಯಿತು. ಅವನು ನೀರಿಗೆ ಬಿದ್ದ, ಹಾಯಿ ಅವನ ಮೇಲೆ ಬಿತ್ತು.

ಜನ ಕೂಗಿದರು. ಅದರಿಂದ ಕೆಳಗಿದ್ದವರಿಗೆ ಏನೂ ತಿಳಿಯುವ ಹಾಗಿರಲಿಲ್ಲ, ಜನ ಮೊದಲಿನಿಂದಲೂ ಕೂಗುತ್ತಲೇ ಇದ್ದರು. ಅಬ್ಬಾನಿಗೆ ತಿಳಿಯಬೇಕಾದರೆ ನನ್ನ ಮುಖವೇ ಹೇಳಬೇಕು. ಆ ಕ್ಷಣದಲ್ಲಿ ನನಗೆ ತಲೆಗೆ ಬಂದದ್ದು ಒಂದೇ. ಉಪವಾಸವಿದ್ದಾರೆ, ತಮ್ಮ ಕೈತಪ್ಪಿನಿಂದ ಗೆಳೆಯ ಮುಳುಗಿದ ಎಂದು ತಿಳಿದರೆ ಎದೆ ಒಡೆದುಕೊಳ್ಳುತ್ತಾರೆ. ಬೆಟ್ಟಯ್ಯ ಹೇಗೂ ಮೇಲೆ ಬರುತ್ತಾನೆ, ಮೀನುಗಾರ, ಅಷ್ಟು ಹೊತ್ತು ಇವರಿಗೆ ಗೊತ್ತಾಗದಿರಲಿ. ನಾನು ತೆರೆದ ಬಾಯಿ ಮುಚ್ಚಿ, ನಕ್ಕೆ.

ಬೆಟ್ಟಯ್ಯ ಮೇಲೆ ಬರಲಿಲ್ಲ. ಅವನ ತಲೆಯ ವಸ್ತ್ರ, ಮುರಿದ ಗಳ, ಖಾಲಿ ತೆಪ್ಪ ಎಲ್ಲ ಗಾಳಿಗೆ ಕೋಡಿಯ ಕಡೆ ತೇಲಿಹೋಗುತ್ತಿದ್ದವು. ನಾಲ್ಕಾರು ಜನ ಅತ್ತ ಕಡೆಯೇ ಧುಮುಕಿ ಹುಡುಕುತ್ತಿದ್ದರು. ನಾನು ಇನ್ನೂ ನಗುತ್ತಿದ್ದೆ. ಮುಖ ಮರಗಟ್ಟಿ ಹೋಗಿತ್ತು.

ಆಗ ಹಿಂದಿನಿಂದ ಏರಿಯ ಮಣ್ಣು ಜಾರಿದ ಸದ್ದು. ಅಬ್ಬಾ ಹುಲ್ಲು ಹಿಡಿದುಕೊಂಡು, ಮಂಡಿಯೂರಿಕೊಂಡು ಮೇಲಕ್ಕೆ ಬಂದುಬಿಟ್ಟರು. ತಮಟೆ ಬಡಿದಿರಲಿಲ್ಲ. ಅವರು ಕೆರೆಯ ಮೇಲೆ ಒಂದು ಸಲ ಕಣ್ಣಾಡಿಸಿದರು, ಅಷ್ಟೆ.

"ಗಾಳಿ ಕಡೆ ಹುಡುಕ್ಬೇಡ್ರಪ್ಪ," ಎಂದು ಕೂಗಿದರು. "ತೂಬು ಎತ್ತವ್ರೆ. ನೀರು ಒಳಗಿಂದ ಎಳೀತಾ ಐತೆ. ರಂಗಣ್ಣ, ತೂಬಿನ ಕಡೆ ನೋಡೋ."

ತೂಬು ಎತ್ತಿದ್ದು ಏರಿಯ ಮೇಲಿದ್ದ ಯಾರ ತಲೆಯಲ್ಲೂ ಇರಲಿಲ್ಲ. ಕಾಲುವೆಯ ನೀರು ಕಂಡಿದ್ದ ನನಗೂ ಹೊಳೆದಿರಲಿಲ್ಲ. ಅದು ನೆನಪಿದ್ದದ್ದು ಅದರಲ್ಲಿ ಕಾಲಿಟ್ಟುಕೊಂಡಿದ್ದವರೊಬ್ಬರಿಗೇ. ರಂಗಣ್ಣ ಗೆಲ್ಲಲು ಇನ್ನು ಹತ್ತು ಮಾರೂ ಇರಲಿಲ್ಲ. ಅವನು ತೆಪ್ಪ ಬಿಟ್ಟು ತೂಬಿನ ಬುಡಕ್ಕೆ ಧುಮುಕಿದ. ಮೂರನೆಯ ಸಲ ಮುಳುಗಿದಾಗ ಒದ್ದೆ ಮಾಂಜರಪಾಟಿನ ಒಂದು ತುದಿ ಅವನ ಕೈಗೆ ಸಿಕ್ಕಿತು. ಎಳೆದ, ಅದರೊಳಗೆ ಬೆಟ್ಟಯ್ಯ ಇದ್ದ.

ಕಲ್ಲುಹಾಸಿನ ಮೇಲೆ ಬೋರಲು ಮಲಗಿಸಿ ಬೆನ್ನು ಒತ್ತಿದರು. ನೀರು ಕಾರಿದ. ಕೆಮ್ಮಿದ. ಕಣ್ಣು ಬಿಟ್ಟ ಮೇಲೆ ಅಬ್ಬಾ ಅವನ ಮುಂದೆ ಕೂತು ದಾರದ ಎಳೆಯನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದರು.

"ತಪ್ಪು ನಂದು ಬೆಟ್ಟಯ್ಯ. ನಿನ್ ಹಾಯಿಗೆ ಹೊಲೀಬೇಕಾಗಿದ್ದ ದಾರ ಇದು. ಜೇಬಲ್ಲೇ ಉಳ್ಕೊಂಡ್ಬುಡ್ತು."

ಬೆಟ್ಟಯ್ಯ ಅದನ್ನು ಬಹಳ ಹೊತ್ತು ನೋಡಿದ. "ಅದೊಂದು ಹೊಲಿದಿದ್ರೆ ಈ ಸಲ ನಾನೇ ಗೆಲ್ತಿದ್ದೆ ಕಣ್ ಸಾಬ್ರೆ" ಅಂದ. ಜನ ನಕ್ಕರು, ಕೆಲವರು ಕಣ್ಣೊರೆಸಿಕೊಂಡರು. ಆ ವರ್ಷ ಗೆದ್ದವರು ಯಾರೆಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ತಮಟೆಯವನೂ ನೀರಿಗೆ ಧುಮುಕಿದ್ದ.

ಕಟ್ಟಳೆ ಮುರಿದು ಏರಿ ಹತ್ತಿದ್ದಕ್ಕೆ ಯಾರೂ ಒಂದು ಮಾತು ಆಡಲಿಲ್ಲ. ವೆಂಕಟರಂಗಯ್ಯನವರು ತಾವಾಗಿಯೇ ಬಂದು, ಮುಂದಿನ ಸಲವೂ ಪಾಷಾ ಅವರೇ ಹೊಲಿಯಲಿ, ಒಂದು ಕೈತಪ್ಪು ಯಾರಿಗಾದರೂ ಆಗುತ್ತೆ ಅಂದರು. ಬೆಟ್ಟಯ್ಯನೂ ತಲೆಗೆ ಬಟ್ಟೆ ಕಟ್ಟಿಸಿಕೊಳ್ಳುತ್ತ ಹೂಂ ಅಂದ. ಅಬ್ಬಾ ಮಾತ್ರ, ಇಲ್ಲ, ಬೇರೆಯವರನ್ನು ನೋಡಿಕೊಳ್ಳಿ ಅಂದರು. ದಾರ ಮರೆತ ನಾಚಿಕೆಗೆ ಹಾಗೆ ಹೇಳಿದರು ಎಂದು ಊರು ತಿಳಿಯಿತು. ಊರಿಗೆ ಎಲ್ಲ ಗೊತ್ತಿರುವುದಿಲ್ಲ.

ಜನ ಕರಗಿದ ಮೇಲೆ ನಾವಿಬ್ಬರೇ ತೂಬಿನ ಹತ್ತಿರ ಕೂತೆವು. ಊರಿನ ಕಡೆಯಿಂದ ಸಂಜೆಯ ಮಗ್ರಿಬ್ ಅಜಾನ್ ಕೇಳಿಸಿತು. ಅಬ್ಬಾ ಕರವಸ್ತ್ರದ ಗಂಟಿನಿಂದ ಖರ್ಜೂರ ತೆಗೆದು ರೋಜಾ ಬಿಟ್ಟರು, ಚಿಕ್ಕಹನುಮಯ್ಯ ಕೆತ್ತಿಕೊಟ್ಟು ಹೋಗಿದ್ದ ಎಳನೀರು ಕುಡಿದರು. ಕೆರೆಯ ಮೇಲೆ ಬೆಳಕು ಒಂದು ಕಡೆಯಿಂದ ಆರುತ್ತಾ ಬರುತ್ತಿತ್ತು. ಗಾಳಿ ನಿಂತಿತ್ತು.

"ಯಾಕೆ ನಕ್ಕೆ?" ಎಂದು ಕೇಳಿದರು.

"ನೀವು ಗಾಬರಿ ಆಗ್ತೀರ ಅಂತ."

ಅಬ್ಬಾ ಖರ್ಜೂರದ ಬೀಜವನ್ನು ನೀರಿಗೆ ಎಸೆದರು. "ನಕ್ಕಿದ್ದು ನೋಡ್ದೆ. ಪಂದ್ಯ ಮುಗೀತು, ಎಲ್ಲಾ ಸರಿಯಾಯ್ತು ಅಂದ್ಕೊಂಡೆ. ಆಮೇಲೆ, ತಮಟೆ ಇನ್ನೂ ಬಡೀಲಿಲ್ವಲ್ಲ ಅಂತ ಯೋಚ್ನೆ ಮಾಡ್ತಾ ಕೂತೆ. ಅಷ್ಟೊತ್ತೂ ಅವನು ನೀರೊಳಗಿದ್ದ."

ನಾನು ಮುಖವನ್ನು ಕೆರೆಯ ಕಡೆ ತಿರುಗಿಸಿದೆ.

"ನಂಗೆ ಅಲ್ಲಿ ಇದ್ದಿದ್ದು ನಿನ್ ಮುಖ ಒಂದೇ ಕಣಮ್ಮ," ಅಂದರು. ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಚೆನ್ನಾಗಿತ್ತು. "ಇನ್ಮೇಲೆ ಅದನ್ನ ನೋಡಿದ್ರೂ, ನಿಜಾನೋ ಏನೋ ಅನ್ಸುತ್ತೆ. ಕೆಳಗೆ ಕೂರೋಕಾಗಲ್ಲ."

ಎಳನೀರಿನ ಬುರುಡೆ ನನ್ನ ಕೈಗೆ ಕೊಟ್ಟರು. ಅದರಲ್ಲಿ ಅರ್ಧ ನನಗೆಂದು ಉಳಿಸಿದ್ದರು. ನಾನು ಕುಡಿದೆ.

ಮರುವರ್ಷ ನಿಟ್ಟೂರಿನ ಟೈಲರ್ ಒಬ್ಬರು ಹಾಯಿ ಹೊಲಿದು ಏರಿಯ ಕೆಳಗೆ ಕೂತರು. ಹೊಂಗೆ ಮರದ ಜಾಗ ಆ ಸಲ ಯಾರಿಗೆ ಎಂದು ಕೇಳಲು ಅಂಗಡಿಗೆ ಬಂದವರೇ, ನಿಮಗೇ ಎಂದು ತೀರ್ಮಾನ ಮಾಡಿ ಹೋದರು. ಅಬ್ಬಾ ಮೂರು ಗಂಟೆಗೇ ಚಾಪೆ ಹಾಸಿದರು. ನಾನು ಪಕ್ಕದಲ್ಲಿ ಕೂತೆ. ಅಲ್ಲಿ ನೆರಳು ನಿಜಕ್ಕೂ ತಣ್ಣಗಿತ್ತು, ಒಂದು ಇರುವೆಯಿರಲಿಲ್ಲ.

ಐದು ಗಂಟೆ ಕಳೆದು ತೆಪ್ಪಗಳು ಹೊರಟವು. ತೋಪಿನ ನೆರಳಿನಿಂದ ಒಂದೊಂದಾಗಿ ಬಿಸಿಲಿಗೆ ಬಂದವು. ಐವತ್ತೆಂಟು ವರ್ಷದ ನಮ್ಮ ಅಬ್ಬಾ ಕೈಯನ್ನು ಮಂಡಿಯ ಮೇಲಿಟ್ಟು, ಬಾಯಿ ಅರ್ಧ ತೆರೆದು ನೋಡುತ್ತಿದ್ದರು. ಟೋಪಿಯ ಮೇಲೆ ಹೂ ಬಿದ್ದದ್ದು ಅವರಿಗೆ ತಿಳಿಯಲಿಲ್ಲ. ಎರಡು ತೆಪ್ಪ ಸಮ ಬಂದಾಗ ಅವರು ತುಟಿ ಕಚ್ಚಿದರು. ಅದನ್ನು ನೋಡಿ ನನಗೆ ಅಳು ಬಂತು. ತಡೆಯಲು ಆಗಲಿಲ್ಲ, ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳದೆ ಹಾಗೆಯೇ ಅತ್ತೆ. ಒಂದು ಮೊಳ ದೂರದಲ್ಲಿ ಕೂತಿದ್ದ ಅಬ್ಬಾ ಒಂದು ಸಲವೂ ನನ್ನ ಕಡೆ ತಿರುಗಲಿಲ್ಲ.